ಮೂಲ ಮುಂಡಗೋಡಿನವರು ಯಾರು ಸಾರ್?

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡಿನಿಂದ ನಿವೃತ್ತ ಮೇಷ್ಟ್ರೊಬ್ಬರು ಈ ಸಲ ಉದ್ದದ ಪತ್ರ ಬರೆದಿದ್ದಾರೆ, ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗಿದೆ. ಸಾರಾಂಶ ಇಷ್ಟು. "ನಮ್ಮೂರ ಪೇಟೇಲಿ ಎಲ್ಲಿ ನೋಡಿದ್ರೂ ಟಿಬೆಟನ್ನರು, ಲಂಬಾಣಿಗಳು, ಗೌಳಿಗಳು, ಸಿದ್ದಿಗಳು. ಮೂಲ ಮುಂಡಗೋಡಿನವರು ಎಷ್ಟು ಪರ್ಸೆಂಟ್ ಉಳಿದಿದ್ದೀವಿ ಅಂತ ಯಾರೂ ಲೆಕ್ಕ ಕೊಡಲ್ಲ. ನಿಮ್ಮ ಪತ್ರಿಕೆಯಾದ್ರೂ ಒಂದು ಪಟ್ಟಿ ಪ್ರಕಟಿಸಲಿ, ಯಾವ ಜನಾಂಗ ಎಷ್ಟು, ಯಾರು ಯಾವಾಗ ಬಂದ್ರು ಅಂತ."

ಮೇಷ್ಟ್ರೇ, ನಿಮ್ಮ ಆತಂಕ ಪೂರ್ತಿ ಸುಳ್ಳು ಅಂತ ನಾನು ಹೇಳಲ್ಲ. ಜಮೀನಿನ ಮೇಲೆ ಒತ್ತಡ ಇರೋದು ನಿಜ, ದೊಡ್ಡ ಪೂಜೆ ಉತ್ಸವ ಬಂದಾಗ ಪೇಟೇಲಿ ಕಾಲಿಡೋಕೆ ಆಗಲ್ಲ ಅನ್ನೋದೂ ನಿಜ, 2019ರ ಡಿಸೆಂಬರಲ್ಲಿ ದಲೈಲಾಮಾ ಬಂದಾಗ ಹೇಗಿತ್ತು ಅಂತ ನಿಮಗೇ ಗೊತ್ತು. ಅಷ್ಟು ಒಪ್ಪಿಕೊಂಡೆ. ಆದ್ರೆ ಆ "ಮೂಲ" ಅಂತ ಬರೆದಿದ್ದೀರಲ್ಲ, ಅಲ್ಲಿ ನನಗೆ ಸ್ವಲ್ಪ ಮಾತಾಡ್ಲಿಕ್ಕಿದೆ, ಬೇಜಾರು ಮಾಡ್ಕೋಬೇಡಿ.

ಪತ್ರದ ಕೊನೇಲಿ ನೀವೇ ಹೆಮ್ಮೆಯಿಂದ ಬರೆದಿದ್ದೀರಿ, ನಾವು ಹವ್ಯಕರು, ಮಯೂರವರ್ಮ ನಮ್ಮ ಹಿರಿಯರನ್ನ ಅಹಿಚ್ಛತ್ರದಿಂದ ಕರೆಸಿ ಬನವಾಸಿ ಸೀಮೇಲಿ ನೆಲೆ ಕೊಟ್ಟ ಅಂತ. ಆ ಐತಿಹ್ಯ ಎಷ್ಟು ಇತಿಹಾಸ ಎಷ್ಟು ಕಥೆ ಅನ್ನೋ ಜಗಳ ಇವತ್ತು ಬೇಡ. ಅದನ್ನ ನಂಬಿದ್ರೆ ನೀವೂ ಸರ್ಕಾರ ಜಮೀನು ಕೊಟ್ಟು ಕೂರಿಸಿದ ವಲಸಿಗರೇ ಆಗ್ತೀರಲ್ಲ ಸಾರ್! ಟಿಬೆಟನ್ನರಿಗೆ 1966ರಲ್ಲಿ ಆಗಿದ್ದೂ ಅದೇ, ನಿಜಲಿಂಗಪ್ಪನವರು ಮುಖ್ಯಮಂತ್ರಿ ಆಗಿದ್ದಾಗ ಸುಮಾರು 4 ಸಾವಿರ ಎಕರೆ ಕಾಡು ಬಿಟ್ಟುಕೊಟ್ರು, ಅವರು ಮರ ಕಡಿದು ಮೆಕ್ಕೆಜೋಳ ಭತ್ತ ಬೆಳೆದ್ರು. ಅಲ್ಲಿ ಲಾಸಾ ಸುತ್ತಮುತ್ತ ಬಿಟ್ಟುಬಂದ ಡ್ರೆಪುಂಗ್, ಗಾದೆನ್ ಮಠಗಳನ್ನ ಇಲ್ಲಿ ಮತ್ತೆ ಕಟ್ಟಿದ್ರು. ನಿಮ್ಮವರಿಗೆ ಕೊಟ್ಟಿದ್ದು ಅಗ್ರಹಾರ, ಅವರಿಗೆ ಕೊಟ್ಟಿದ್ದು ಲೀಸು, ಅದೊಂದೇ ವ್ಯತ್ಯಾಸ, ಮತ್ತೆ ಒಂದೂವರೆ ಸಾವಿರ ವರ್ಷ.

ಊರಿನದ್ದೇ ಕಥೆ ತಗೊಳ್ಳಿ. ನಿಮ್ಮ ಜಿಲ್ಲೆ 1862ರ ತನಕ ಮದ್ರಾಸಿಗೆ ಸೇರಿತ್ತು, ಆಮೇಲೆ ಬಾಂಬೆ ಪ್ರೆಸಿಡೆನ್ಸಿ, 1956ರಲ್ಲಿ ಮೈಸೂರು ರಾಜ್ಯ. ಊರು ಇದ್ದಲ್ಲೇ ಇತ್ತು, ಬಾರ್ಡರೇ ಅತ್ತಿತ್ತ ಓಡಾಡಿದ್ದು. ಅದರ ಒಳಗೆ ಧಾರವಾಡ ಕಡೆಯಿಂದ ಲಿಂಗಾಯತರು ಬಂದ್ರು, ಬರಗಾಲ ಅಂತ ಎಮ್ಮೆ ಹೊಡ್ಕೊಂಡು ಮಹಾರಾಷ್ಟ್ರದ ಕಡೆಯಿಂದ ಗೌಳಿಗಳು ಬಂದ್ರು, ಎತ್ತಿನ ಮೇಲೆ ಧಾನ್ಯ ಉಪ್ಪು ಹೇರ್ಕೊಂಡು ದಖನ್ನಿಗೆ ಇಳಿದ ಲಂಬಾಣಿಗಳು ತಾಂಡಾ ಹಾಕಿದ್ರು. ಸಿದ್ದಿಗಳು ಮಾತ್ರ ಇಷ್ಟಪಟ್ಟು ಬಂದವರಲ್ಲ, ಆಫ್ರಿಕಾದಿಂದ ಗುಲಾಮರನ್ನಾಗಿ ತಂದ ಜನ, ಗೋವಾದ ಪೋರ್ಚುಗೀಸರ ಕೈಯಿಂದ ತಪ್ಪಿಸ್ಕೊಂಡು ಘಟ್ಟದ ಕಾಡು ಹೊಕ್ಕವರು. ಇವರಲ್ಲಿ ಮೂಲದವರು ಅಂತ ಯಾರಿಗೆ ಸರ್ಟಿಫಿಕೇಟ್ ಕೊಡೋಣ, ನೀವೇ ಹೇಳಿ.

ಇನ್ನು ಪರ್ಸೆಂಟ್ ಪಟ್ಟಿ. ನಮ್ಮ ಜನಗಣತಿ ಧರ್ಮ ಕೇಳುತ್ತೆ, ಮಾತೃಭಾಷೆ ಕೇಳುತ್ತೆ, ಎಸ್‌ಸಿನಾ ಎಸ್‌ಟಿನಾ ಕೇಳುತ್ತೆ, ಜನಾಂಗ ಅಂದ್ರೆ ರೇಸ್ ಕೇಳಲ್ಲ, ಅಮೆರಿಕದಲ್ಲಿ ಕೇಳ್ತಾರೆ. ಇಲ್ಲೂ ಒಬ್ಬ ಪ್ರಯತ್ನ ಮಾಡಿದ್ದ, 1901ರ ಗಣತಿ ನಡೆಸಿದ ರಿಸ್ಲಿ ಸಾಹೇಬ, ಜನರ ಮೂಗಿನ ಉದ್ದ ಅಗಲ ಅಳೆದು ಯಾವ ಜಾತಿ ಮೇಲೆ ಯಾವುದು ಕೆಳಗೆ ಅಂತ ಸಿದ್ಧಾಂತ ಮಾಡೋಕೆ ಹೊರಟವನು. ಆ ದಾರಿ ಎಲ್ಲಿಗೆ ಹೋಗುತ್ತೆ ಅಂತ ಪ್ರಪಂಚ ಆಮೇಲೆ ನೋಡಿತು.

ಸರಿ, ಭಾಷೆ ಕಾಲಮ್ಮಾದ್ರೂ ನೋಡೋಣ ಅಂದ್ರೆ ಅಲ್ಲಿ ಇನ್ನೂ ಚೆಂದ. ತಾಂಡಾದ ಅಜ್ಜಿ ತನ್ನ ಮಾತು ಲಂಬಾಣಿ ಅಂತಲೇ ಬರೆಸ್ತಾಳೆ, ಆದ್ರೆ 2011ರ ಭಾಷಾ ಪಟ್ಟೀಲಿ ಲಮಾಣಿ/ಲಂಬಾಡಿನ ಸೇರಿಸಿರೋದು ಹಿಂದಿಯ ಕೆಳಗೆ! ಹೌದು ಸಾರ್, ಹಿಂದಿ. ದೇಶದಲ್ಲಿ 30 ಲಕ್ಷಕ್ಕೂ ಹೆಚ್ಚು ಲಂಬಾಣಿ ಮಾತಾಡೋರು, ಭೋಜಪುರಿಯವರು, ರಾಜಸ್ಥಾನಿಯವರು ಎಲ್ಲರನ್ನೂ ಒಟ್ಟು ಹಾಕಿ ಹಿಂದಿ ಇಷ್ಟು ಕೋಟಿ ಅಂತ ದಿಲ್ಲೀಲಿ ಭಾಷಣ ಮಾಡ್ತಾರೆ. ನಾಳೆ ನೀವು ಆ ಪಟ್ಟಿ ನೋಡಿ ಅಯ್ಯೋ ಮುಂಡಗೋಡಲ್ಲಿ ಇಷ್ಟೊಂದು ಹಿಂದಿಯವರಾ ಅಂತ ಇನ್ನೊಂದು ಪತ್ರ ಬರೀತೀರಿ. ಸಿದ್ದಿಗಳ ಮನೆಮಾತು ಕೊಂಕಣಿ ಲೆಕ್ಕಕ್ಕೆ ಹೋಗುತ್ತೆ, ಗೌಳಿಗಳದ್ದು ಮರಾಠಿಗೆ. ಜನ ಹೇಳಿದ ಮಾತೃಭಾಷೆ ಹೆಸರುಗಳು ಆ ಸಲ 19 ಸಾವಿರ ದಾಟಿದ್ವು, ಕೊನೆಗೆ ಪಟ್ಟೀಲಿ ಉಳಿದಿದ್ದು 121 ಭಾಷೆ, ಯಾಕಂದ್ರೆ ಹೀಗೆ ಒಂದರ ಕೆಳಗೆ ಇನ್ನೊಂದನ್ನ ಸೇರಿಸ್ತಾರೆ, 10 ಸಾವಿರಕ್ಕಿಂತ ಕಡಿಮೆ ಜನ ಆಡೋ ಭಾಷೆ "ಇತರೆ" ಆಗ್ಬಿಡುತ್ತೆ.

ಜಾತಿ ಕಾಲಮ್ಮೂ ಅಷ್ಟೇ. ಲಂಬಾಣಿಗಳು ಕರ್ನಾಟಕದಲ್ಲಿ ಎಸ್‌ಸಿ, ತೆಲಂಗಾಣದಲ್ಲಿ ಎಸ್‌ಟಿ. ಸಿದ್ದಿಗಳಿಗೆ ಉತ್ತರ ಕನ್ನಡದಲ್ಲಿ 2003ರಲ್ಲಿ ಎಸ್‌ಟಿ ಸಿಕ್ಕಿತು, ಆದ್ರೆ ಗಡಿ ದಾಟಿ ಧಾರವಾಡ ಜಿಲ್ಲೆಗೆ ಕೊಟ್ಟ ಅವರದೇ ಮಗಳ ಮಕ್ಕಳು 2020ರ ತಿದ್ದುಪಡಿ ಆಗೋ ತನಕ ಆ ಪಟ್ಟಿ ಹೊರಗೇ. ಗೌಳಿಗಳು ವರ್ಷಾನುಗಟ್ಟಲೆಯಿಂದ ಎಸ್‌ಟಿ ಕೇಳ್ತಾನೇ ಇದ್ದಾರೆ. 2027ರ ಜನಗಣತೀಲಿ ಎಲ್ಲರ ಜಾತಿನೂ ಬರೆಸ್ಕೋತಾರೆ, 1931ರ ನಂತರ ಇದೇ ಮೊದಲು. ಅದು ಬೇಕು, ಸೌಲಭ್ಯ ಹಂಚೋಕೆ ಲೆಕ್ಕ ಬೇಕೇ ಬೇಕು, ನನ್ನ ತಕರಾರು ಅದಕ್ಕಲ್ಲ. ಆ ಲೆಕ್ಕ ಇಟ್ಕೊಂಡು ಯಾರು ಊರಿನವರು ಯಾರು ಅಲ್ಲ ಅಂತ ತೀರ್ಪು ಕೊಡೋಕೆ ಹೋಗ್ತೀವಲ್ಲ, ಅದಕ್ಕೆ.

ಒಂದು ಸಲ ನಿಮ್ಮೂರ ಸಂತೇಲಿ ನಾನು ನಿಂತು ನೋಡಿದ್ದು ಹೇಳ್ತೀನಿ. ಕೆಂಪು ಬಟ್ಟೆ ಉಟ್ಟ ಎಳೇ ಲಾಮಾ ಒಬ್ಬ, ಲಂಬಾಣಿ ಹೆಂಗಸಿನ ಹತ್ರ ಮೆಣಸಿನಕಾಯಿಗೆ ಚೌಕಾಸಿ, "ಹೋಗ್ಲಿ ಬಿಡಬೇ ಯಕ್ಕಾ, ಹತ್ತು ರೂಪಾಯಿ ಕಡಿಮಿ ಮಾಡು" ಅಂತ ಪಕ್ಕಾ ಹುಬ್ಬಳ್ಳಿ ಕಡೆ ಕನ್ನಡದಲ್ಲಿ. ಆಕೆ ಬೈದಿದ್ದೂ ಅದೇ ಕನ್ನಡದಲ್ಲೇ. ನಿಮ್ಮ ಪಟ್ಟೀಲಿ ಅವನು ಟಿಬೆಟನ್, ಆಕೆ ಹಿಂದಿ, ಕನ್ನಡದ ಲೆಕ್ಕಕ್ಕೆ ಸೊನ್ನೆ. ಬೆಂಗಳೂರಲ್ಲಿ ಮೂವತ್ತು ವರ್ಷ ಇದ್ದು ಹಾಲಿನವನ ಹತ್ರ ಇಂಗ್ಲಿಷ್ ಆಡೋ ನಮ್ಮ ನೆಂಟರೆಲ್ಲ ಮಾತ್ರ ಮಾತೃಭಾಷೆ ಕನ್ನಡ ಅಂತ ಬರೆಸಿ ಆರಾಮಾಗಿದ್ದಾರೆ.

ಇನ್ನು ನಮ್ಮ ಪತ್ರಿಕೆಯವರು, ಟೀವಿಯವರು, ನನ್ನನ್ನೂ ಸೇರಿಸ್ಕೊಳ್ಳಿ, ಸಿದ್ದಿಗಳ ಬಗ್ಗೆ ಬರೆದ್ರೆ ಡಮಾಮಿ ಬಾರಿಸಿ ಕುಣಿಯೋ ಫೋಟೋನೇ ಬೇಕು. ಮೈನಳ್ಳೀಲಿ ಗುಂಜಾವತೀಲಿ ಅವರು ಗದ್ದೆ ಕೆಲಸ ಮಾಡ್ತಾರೆ, ಮಕ್ಕಳನ್ನ ಶಾಲೆಗೆ ಕಳಿಸ್ತಾರೆ ಅಂದ್ರೆ ಅದು ಸುದ್ದಿ ಅಲ್ಲ. 1980ರ ದಶಕದ ಕೊನೇಲಿ ಕ್ರೀಡಾ ಪ್ರಾಧಿಕಾರದವರು ಬಂದು ಆಫ್ರಿಕನ್ ಮೈಕಟ್ಟು, ಒಲಿಂಪಿಕ್ಸ್ ಮೆಡಲ್ ಗ್ಯಾರಂಟಿ ಅಂತ ಹುಡುಗ ಹುಡುಗೀರನ್ನ ಆರಿಸ್ಕೊಂಡು ಹೋದ್ರು, ಕೆಲವೇ ವರ್ಷದಲ್ಲಿ ಸ್ಕೀಮ್ ನಿಲ್ಲಿಸಿ ವಾಪಸ್ ಕಳಿಸಿದ್ರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣ ಆದಾಗ್ಲೂ ಮೊದಲು ಬಂದ ಹೆಡ್ಡಿಂಗ್ ಆಫ್ರಿಕಾ ಮೂಲದ್ದೇ, ಅವರು ಕಾಡಿನ ಜನರ ನಡುವೆ ಮಾಡಿದ ಕೆಲಸ ಕೆಳಗೆಲ್ಲೋ ಇತ್ತು. ಟಿಬೆಟನ್ನರಿಗೆ "ಮಿನಿ ಟಿಬೆಟ್" ಅನ್ನೋ ಬೋರ್ಡು. ಭಾರತದಲ್ಲೇ ಹುಟ್ಟಿದ ಟಿಬೆಟನ್ ಒಬ್ಬರು ಹೈಕೋರ್ಟಿಗೆ ಹೋಗಿ 2013ರಲ್ಲಿ ಆರ್ಡರ್ ತಂದ ಮೇಲೆ, 1950ರಿಂದ 1987ರ ಜುಲೈ ಒಳಗೆ ಹುಟ್ಟಿದವರನ್ನ ಮತದಾರರ ಪಟ್ಟಿಗೆ ಸೇರಿಸಿ ಅಂತ ಚುನಾವಣಾ ಆಯೋಗ ಹೇಳಿತು. ಅದನ್ನ ಮಾತ್ರ ಒಳಪುಟದಲ್ಲಿ ಎರಡು ಸಾಲು ಹಾಕಿ ಮುಗಿಸಿದ್ವಿ.

ನಿಮಗೆ ನಿಜವಾಗ್ಲೂ ಹೆದರಿಕೆ ಆಗಬೇಕಾಗಿರೋದು ಬರೋರ ಬಗ್ಗೆ ಅಲ್ಲ ಮೇಷ್ಟ್ರೇ, ಹೋಗೋರ ಬಗ್ಗೆ. ನಿಮ್ಮ ಇಬ್ಬರು ಮಕ್ಕಳೂ ಬೆಂಗಳೂರಲ್ಲಿ ಅಂತ ನೀವೇ ಬರೆದಿದ್ದೀರಿ. ತೋಟದ ಮನೇಲಿ ಇಬ್ಬರೇ ವಯಸ್ಸಾದವರು, ಅಡಿಕೆ ಕೊಯ್ಯೋಕೆ ಆಳಿಲ್ಲ, ತೋಟ ನೋಡ್ಕೊಂಡು ಉಳಿದ ಹುಡುಗನಿಗೆ ಹೆಣ್ಣಿಲ್ಲ, ಉತ್ತರ ಭಾರತದಿಂದ ಸೊಸೆ ತರೋ ಕಾಲ ಬಂದಿದೆ ನಿಮ್ಮ ಸೀಮೇಲಿ, ಆ ಸೊಸೆನ ಯಾವ ಕಾಲಮ್ಮಿಗೆ ಹಾಕ್ತೀರಿ? ಅಂದಹಾಗೆ 2011ರ ಗಣತಿ ಪ್ರಕಾರ ದೇಶದಲ್ಲಿ ವಲಸಿಗರು 45 ಕೋಟಿ, ಅದರಲ್ಲಿ ದೊಡ್ಡ ಪಾಲು ಮದುವೆಯಾಗಿ ಊರು ಬಿಟ್ಟ ಹೆಣ್ಮಕ್ಕಳು. ನಿಮ್ಮ ತಾಯಿಯೋರು ಯಾವ ಊರವರು ಸಾರ್? ಟಿಬೆಟನ್ ಕ್ಯಾಂಪಲ್ಲೂ ಇದೇ ಪಾಡು, ಹುಡುಗರು ಕೆನಡಾ, ಯುರೋಪು ಅಂತ ಹೊರಟಿದ್ದಾರೆ, ಎಷ್ಟೋ ಮನೆ ಬಾಗಿಲು ಹಾಕಿದೆ, ಹೊಲ ಮಾಡೋರು ಸುತ್ತಲ ಹಳ್ಳಿಯವರು. ನೀವೂ ಅವರೂ ಒಂದೇ ಕಟ್ಟೆ ಮೇಲೆ ಕೂತು ಅಳಬಹುದು, ಅಷ್ಟು ಹೋಲಿಕೆ ಇದೆ. ಮಕ್ಕಳಿಲ್ಲ ಅಂತ ಕನ್ನಡ ಶಾಲೆ ಮುಚ್ಚೋ ಸರ್ಕಾರ ಆ ಮಕ್ಕಳು ಎಲ್ಲಿಗೆ ಹೋದ್ರು ಅಂತ ಕೇಳಲ್ಲ, ತಾಲೂಕಿಗೊಂದು ಕೆಲಸ ಕೊಡೋ ಕಾರ್ಖಾನೆ ತರಲ್ಲ, ಎಲ್ಲಾ ಬೆಂಗಳೂರಿಗೇ ಸುರೀತಾರೆ, ಇದನ್ನ ನಾನು ಬರೆದೂ ಬರೆದೂ ಸಾಕಾಗಿದೆ, ಓದುಗರಿಗೂ ಸಾಕಾಗಿರಬಹುದು.

ಆದ್ದರಿಂದ ಪಟ್ಟಿ ಪ್ರಕಟಿಸಲ್ಲ, ಕ್ಷಮಿಸಿ. ಬದಲಿಗೆ ನಿಮಗೇ ಒಂದು ಕೆಲಸ. ಮೂವತ್ತೈದು ವರ್ಷ ಪಾಠ ಹೇಳಿದೋರು ನೀವು, ತಾಂಡಾದ ಮಕ್ಕಳು, ಕ್ಯಾಂಪಿನ ಪಕ್ಕದ ಹಳ್ಳಿ ಮಕ್ಕಳು, ಸಿದ್ದಿ ಮಕ್ಕಳು ಎಲ್ಲಾ ನಿಮ್ಮ ಕ್ಲಾಸಲ್ಲಿ ಕೂತಿದ್ದವರೇ. ಅವರೆಲ್ಲ ಈಗ ಎಲ್ಲಿದ್ದಾರೆ, ಯಾರು ಊರಲ್ಲಿ ಉಳಿದ್ರು ಯಾರು ಹೋದ್ರು ಅಂತ ನಿಮ್ಮ ಅದೇ ಮುತ್ತಿನಂಥ ಅಕ್ಷರದಲ್ಲಿ ಬರೆದು ಕಳಿಸಿ. ಹೆಸರು ಬದಲಿಸಿ ಬರೀರಿ. ದೀಪಾವಳಿ ವಿಶೇಷಾಂಕಕ್ಕೆ ಎಂಟು ಪುಟ ಇಟ್ಟಿರ್ತೀನಿ, ಜಾಸ್ತಿ ಆದ್ರೆ ಕತ್ತರಿಸ್ತೀನಿ, ಆಮೇಲೆ ಸಿಟ್ಟು ಮಾಡ್ಕೋಬಾರದು.