ಕಾನೂನು ಪ್ರಶ್ನೋತ್ತರ: ಯಾವುದು ಕಳ್ಳಸಾಗಣೆ, ಯಾವುದು ಅಲ್ಲ

ಪ್ರಶ್ನೆ: ನಮ್ಮ ಏರಿಯಾದ ಲಾಡ್ಜ್ ಮೇಲೆ ರೇಡ್ ಆಗಿ ಮೂವರು ಹೆಂಗಸರನ್ನು ಕರೆದೊಯ್ದರು. ಮೂವರೂ ಮೂವತ್ತು ದಾಟಿದವರು, ತಾವಾಗಿಯೇ ಬರುತ್ತಿದ್ದವರು. ಪೇಪರಿನಲ್ಲಿ ಮಾತ್ರ ‘ಮಾನವ ಕಳ್ಳಸಾಗಣೆ ಜಾಲ ಪತ್ತೆ’ ಎಂದು ಬಂತು. ಇಷ್ಟಪಟ್ಟು ಲೈಂಗಿಕ ಕೆಲಸ ಮಾಡುವವರೂ ಕಳ್ಳಸಾಗಣೆಗೆ ಸಿಕ್ಕವರೇ?
– ಓದುಗರು, ಹುಬ್ಬಳ್ಳಿ

ಉತ್ತರ: ಅಲ್ಲ. ಕಳ್ಳಸಾಗಣೆಯ ಕಲಂ ಈಗ ಭಾರತೀಯ ನ್ಯಾಯ ಸಂಹಿತೆಯ 143. ಘಟನೆ 2024ರ ಜುಲೈ 1ಕ್ಕಿಂತ ಮೊದಲಿನದಾದರೆ ಐಪಿಸಿ 370. ಇದರಡಿ ಮೂರು ಅಂಶ ಸಾಬೀತಾಗಬೇಕು. ಒಂದು, ಆರೋಪಿ ಒಬ್ಬರನ್ನು ಸೇರಿಸಿಕೊಂಡ, ಸಾಗಿಸಿದ, ಇರಿಸಿಕೊಂಡ, ಬೇರೆಯವರಿಗೆ ಒಪ್ಪಿಸಿದ ಅಥವಾ ತನ್ನ ವಶಕ್ಕೆ ಪಡೆದ ಎಂಬುದು. ಎರಡು, ಅದಕ್ಕೆ ಬಳಸಿದ ದಾರಿ: ಬೆದರಿಕೆ, ಬಲವಂತ, ಅಪಹರಣ, ಮೋಸ, ಅಧಿಕಾರದ ದುರ್ಬಳಕೆ, ಇಲ್ಲವೇ ದುಡ್ಡಿನ ಆಮಿಷ. ಮೂರು, ಇದೆಲ್ಲ ಶೋಷಣೆಗಾಗಿಯೇ ನಡೆಯಿತು ಎಂಬುದು.

ಎರಡನೆಯ ಅಂಶವೇ ಇಡೀ ಕೇಸಿನ ಜೀವ. ನಮ್ಮಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದೂ ಅದೇ. ಪಂಚನಾಮೆಯಲ್ಲಿ ಕಾಂಡೋಮ್ ಎಷ್ಟು, ನೋಟು ಎಷ್ಟು, ಮೊಬೈಲ್ ಎಷ್ಟು ಎಂಬುದೆಲ್ಲ ಇರುತ್ತದೆ. ಇರಬೇಕಾದದ್ದು ಬೇರೆ. ಊರಿನಿಂದ ಕರೆತಂದವರು ಯಾರು, ಏನು ಕೆಲಸ ಅಂತ ಹೇಳಿದ್ದರು? ಗಿರಾಕಿ ಕೊಟ್ಟ ದುಡ್ಡು ಯಾರ ಕೈ ಸೇರುತ್ತಿತ್ತು? ಆಧಾರ್ ಕಾರ್ಡ್, ಫೋನ್ ಯಾರ ಬಳಿ ಇದ್ದವು? ಕೋಣೆಯ ಚಿಲಕ ಹೊರಗಿತ್ತೇ? ಸಾಲವಿದ್ದರೆ ಅದರ ಲೆಕ್ಕ ಬರೆದವರು ಯಾರು, ತೀರಿತು ಎಂದು ಹೇಳುವವರು ಯಾರು? ಬೇಡವೆನಿಸಿದ ಗಿರಾಕಿಯನ್ನು ಬೇಡ ಎನ್ನಲು, ಹಬ್ಬಕ್ಕೆ ಊರಿಗೆ ಹೋಗಲು ಆಕೆಗೆ ಆಗುತ್ತಿತ್ತೇ? ತಾನಾಗಿಯೇ ಬಂದವಳನ್ನು ಸಾಲದ ಹೆಸರಲ್ಲಿ ಬೆದರಿಸಿ ಕೂಡಿಹಾಕಿದ್ದರೆ ಅದೂ ಕಳ್ಳಸಾಗಣೆಯೇ. ಇವನ್ನೊಂದೂ ಕೇಳದೆ 143 ಹಾಕಿದರೆ ಕೋರ್ಟಿನಲ್ಲಿ ಕೇಸು ನಿಲ್ಲುವುದಿಲ್ಲ. ನಿಜವಾಗಿ ಮಾರಾಟವಾದ ಹುಡುಗಿಯ ಕೇಸೂ ಹೀಗೆಯೇ ಬಿದ್ದುಹೋಗುತ್ತದೆ. ನಮಗೆ ಹೆಚ್ಚು ಸಂಕಟ ಕೊಡುವುದು ಇದು.

‘ಸಂತ್ರಸ್ತರ ಒಪ್ಪಿಗೆ ಗಣನೆಗೆ ಬರುವುದಿಲ್ಲ’ ಎಂದು ಅದೇ ಕಲಮಿನ ವಿವರಣೆಯಲ್ಲಿದೆ. ಇದನ್ನು ಹಿಡಿದುಕೊಂಡು ಎಲ್ಲರನ್ನೂ ಸಂತ್ರಸ್ತರ ಪಟ್ಟಿಗೆ ಸೇರಿಸುವುದುಂಟು. ಬಲವಂತ ಅಥವಾ ಮೋಸ ನಡೆದಿದ್ದಾಗ ಆರೋಪಿಯು ‘ಅವಳೇ ಒಪ್ಪಿದ್ದಳು’ ಎಂದು ಪಾರಾಗಬಾರದು, ಅಷ್ಟೇ ಅದರ ಅರ್ಥ. ಐಪಿಸಿ 370ನ್ನು ತಿದ್ದಿದ 2013ರ ಸುಗ್ರೀವಾಜ್ಞೆಯಲ್ಲಿ ‘ವೇಶ್ಯಾವಾಟಿಕೆ’ ಎಂಬ ಪದವೇ ಶೋಷಣೆಯ ವಿವರಣೆಯೊಳಗೆ ಸೇರಿತ್ತು. ಸ್ವಂತ ಇಚ್ಛೆಯಿಂದ ಈ ಕೆಲಸ ಮಾಡುವವರನ್ನು ಈ ಕಲಮಿನಡಿ ತರುವುದು ತನ್ನ ಉದ್ದೇಶವಲ್ಲ ಎಂದು ಆ ತಿದ್ದುಪಡಿಗೆ ಶಿಫಾರಸು ಮಾಡಿದ್ದ ನ್ಯಾಯಮೂರ್ತಿ ವರ್ಮಾ ಸಮಿತಿ ಸ್ಪಷ್ಟಪಡಿಸಿತು. ಸಂಸತ್ತು ಪಾಸು ಮಾಡಿದ ಕಾಯ್ದೆಯಲ್ಲಿ ಆ ಪದ ಉಳಿಯಲಿಲ್ಲ.

ಪ್ರಶ್ನೆ: ಹಾಗಿದ್ದರೆ ಪೊಲೀಸರು ಯಾವ ಆಧಾರದ ಮೇಲೆ ಹಿಡಿಯುತ್ತಾರೆ?
– ಓದುಗರು, ಮೈಸೂರು

ಉತ್ತರ: 1956ರ ಅನೈತಿಕ ಸಾಗಾಣಿಕೆ ತಡೆ ಕಾಯ್ದೆ, ಅಂದರೆ ಐಟಿಪಿಎ. ಪ್ರಾಯಕ್ಕೆ ಬಂದ ಹೆಂಗಸು ಒಬ್ಬಳೇ, ಖಾಸಗಿ ಜಾಗದಲ್ಲಿ ಈ ಕೆಲಸ ಮಾಡುವುದು ಅದರಡಿ ಅಪರಾಧವಲ್ಲ. ಆದರೆ ಅದರ ಸುತ್ತಮುತ್ತಲಿನದೆಲ್ಲ ಅಪರಾಧ. ಇಬ್ಬರು ಹೆಂಗಸರು ಬಾಡಿಗೆ ಹಂಚಿಕೊಂಡು ಒಂದೇ ಮನೆಯಲ್ಲಿ ದುಡಿದರೂ ಅದು ‘ವೇಶ್ಯಾಗೃಹ’ ಆಗಿಬಿಡುತ್ತದೆ. ಕಲಂ 3ರಡಿ ಮೊದಲ ಸಲಕ್ಕೇ 1ರಿಂದ 3 ವರ್ಷ. ಸುರಕ್ಷತೆಗೆಂದು ಜೊತೆಯಾಗಿ ಇರುವವರನ್ನೇ ಇದು ಹಿಡಿಯುತ್ತದೆ. ದೇವಸ್ಥಾನ, ಶಾಲೆ, ಹಾಸ್ಟೆಲ್, ಆಸ್ಪತ್ರೆಯಂಥ ಜಾಗಗಳಿಂದ 200 ಮೀಟರ್ ಒಳಗಾದರೆ ಕಲಂ 7; ಅಲ್ಲಿ ಗಿರಾಕಿಯೂ ಆರೋಪಿ. ಇನ್ನೊಬ್ಬರನ್ನು ಈ ಕೆಲಸಕ್ಕೆ ಕರೆತರುವುದು ಕಲಂ 5. ಇಲ್ಲಿ ಆಕೆ ಒಪ್ಪಿದ್ದರೂ ಕರೆತಂದವರಿಗೆ ಶಿಕ್ಷೆ ತಪ್ಪದು.

ಬೀದಿಯಲ್ಲಿ ನಿಂತವರ ಮೇಲೆ ಹೆಚ್ಚಾಗಿ ಬೀಳುವುದು ಕಲಂ 8, ಅಂದರೆ ಗಿರಾಕಿಯನ್ನು ಕರೆಯುವ ಅಪರಾಧ. ಮಾತು, ಸನ್ನೆ, ಕಿಟಕಿಯಲ್ಲೋ ಬಾಲ್ಕನಿಯಲ್ಲೋ ಕಾಣುವಂತೆ ಕೂರುವುದು ಕೂಡ ಅದರಲ್ಲಿ ಬರುತ್ತದೆ. ದಂಡದ ಮಿತಿ 500 ರೂಪಾಯಿ. ‘ತಪ್ಪೊಪ್ಪಿಕೋ, 500 ಕಟ್ಟು, ಸಂಜೆಗೆ ಮನೆಗೆ ಹೋಗು’ ಎನ್ನುವವರ ಮಾತು ಕೇಳಬೇಡಿ. ಅದು ಶಿಕ್ಷೆಯೆಂದೇ ದಾಖಲಾಗುತ್ತದೆ. ಎರಡನೆಯ ಸಲ ಒಂದು ವರ್ಷದವರೆಗೆ ಜೈಲಾಗಬಹುದು. ವಕೀಲರನ್ನು ಕೇಳದೆ ಒಪ್ಪಿಕೊಳ್ಳಬೇಡಿ.

ಪ್ರಶ್ನೆ: ರೇಡಿನಲ್ಲಿ ಸಿಕ್ಕ ನನ್ನ ಅಕ್ಕನನ್ನು (34 ವರ್ಷ) ‘ರಕ್ಷಣೆ’ ಎಂದು ಹೋಮ್‌ನಲ್ಲಿ ಇಟ್ಟಿದ್ದಾರೆ. ಭೇಟಿಗೂ ಬಿಡುತ್ತಿಲ್ಲ. ಏನು ಮಾಡಬೇಕು?
– ಓದುಗರು, ಬೆಳಗಾವಿ

ಉತ್ತರ: ಮೊದಲು ಕಾಗದಪತ್ರ ಕೈಗೆ ಬರಲಿ: ಎಫ್‌ಐಆರ್, ಪಂಚನಾಮೆ, ಮ್ಯಾಜಿಸ್ಟ್ರೇಟರ ಆದೇಶ. ಎಫ್‌ಐಆರ್‌ನಲ್ಲಿ ಅಕ್ಕ ಆರೋಪಿಯೋ ಸಂತ್ರಸ್ತೆಯೋ ನೋಡಿ. ಆರೋಪಿಯಾದರೆ ದಾರಿ ಜಾಮೀನಿನದು, ಸಂತ್ರಸ್ತೆಯಾದರೆ ಐಟಿಪಿಎ ಕಲಂ 17ರದು.

ಕಲಂ 17ರಡಿ ಮ್ಯಾಜಿಸ್ಟ್ರೇಟರು ಆಕೆಯ ಮಾತು ಕೇಳಲೇಬೇಕು. ವಯಸ್ಸು, ಹಿನ್ನೆಲೆ, ಮನೆಯ ಸ್ಥಿತಿ ಕುರಿತು ವಿಚಾರಣೆ ನಡೆಸಬೇಕು. ವಿಚಾರಣೆ ಮುಗಿಯುವ ತನಕ ಆಕೆಯನ್ನು ಮಧ್ಯಂತರವಾಗಿ ಇರಿಸಿಕೊಳ್ಳಲು ಮೂರು ವಾರದ ಮಿತಿ ಇದೆ. ಅದು ದಾಟಿದ್ದರೆ ಅದನ್ನೇ ಅರ್ಜಿಯ ಮೊದಲ ಸಾಲಾಗಿಸಿ. ವಿಚಾರಣೆಯ ನಂತರ 1ರಿಂದ 3 ವರ್ಷ ಹೋಮ್‌ನಲ್ಲಿರಿಸಲು ಆದೇಶವಾದರೆ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ ಹೈಕೋರ್ಟಿಗೆ ರಿಟ್. 2020ರ ಸೆಪ್ಟೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಇಂಥದೇ ಪ್ರಕರಣದಲ್ಲಿ ಮೂವರು ಯುವತಿಯರನ್ನು ಬಿಡುಗಡೆ ಮಾಡಿತು. ಪ್ರಾಯಕ್ಕೆ ಬಂದವರನ್ನು ಅವರ ಇಚ್ಛೆಗೆ ವಿರುದ್ಧವಾಗಿ ಇರಿಸಿಕೊಳ್ಳುವಂತಿಲ್ಲ ಎಂಬುದೇ ಅದರ ತಿರುಳು. ಅರ್ಜಿಗೆ ಅಕ್ಕನ ವಯಸ್ಸಿನ ದಾಖಲೆ, ವಾಸದ ವಿಳಾಸ, ‘ನನಗೆ ಇಲ್ಲಿರಲು ಇಷ್ಟವಿಲ್ಲ’ ಎಂಬ ಆಕೆಯದೇ ಲಿಖಿತ ಹೇಳಿಕೆ ಲಗತ್ತಿಸಿ. ವಯಸ್ಸಿನ ದಾಖಲೆ ಇಲ್ಲದೆ ಅರ್ಜಿ ಹಾಕಿದರೆ ವೈದ್ಯಕೀಯ ಪರೀಕ್ಷೆಯ ನೆಪದಲ್ಲಿ ವಾರಗಟ್ಟಲೆ ಎಳೆಯುತ್ತದೆ.

ರೇಡ್ ನಡೆದ ರೀತಿಯನ್ನೂ ವಕೀಲರಿಂದ ಪರಿಶೀಲಿಸಿ. ಐಟಿಪಿಎ ಪ್ರಕಾರ ತನಿಖೆ ನಡೆಸಬೇಕಾದವರು ವಿಶೇಷ ಪೊಲೀಸ್ ಅಧಿಕಾರಿ. ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ಆ ಅಧಿಕಾರಿಯಾಗುವಂತಿಲ್ಲ. ವಾರಂಟ್ ಇಲ್ಲದೆ ಶೋಧಿಸುವ ಮುನ್ನ ಕಾರಣ ಬರೆದಿಡಬೇಕು. ಸ್ಥಳೀಯ ಪಂಚರು ಇಬ್ಬರಾದರೂ ಇರಬೇಕು, ಅವರಲ್ಲಿ ಒಬ್ಬರು ಹೆಂಗಸು. ಜೊತೆಗೆ ಕನಿಷ್ಠ ಇಬ್ಬರು ಮಹಿಳಾ ಪೊಲೀಸರು. ಸಬ್‌ಇನ್‌ಸ್ಪೆಕ್ಟರೇ ಹೋಗಿ ಎಲ್ಲ ಮುಗಿಸಿ ಬಂದ ಕೇಸುಗಳು ಈ ಒಂದು ಕಾರಣಕ್ಕೇ ರದ್ದಾಗುತ್ತವೆ.

ವಕೀಲರಿಗೆ ದುಡ್ಡಿಲ್ಲವೆಂದು ಕೂರಬೇಡಿ. ಹೆಂಗಸರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆಮಾಡಿ.

ಪ್ರಶ್ನೆ: ಹುಡುಗಿ 17ರವಳು, ‘ನಾನೇ ಬಂದೆ’ ಎನ್ನುತ್ತಾಳೆ. ಆಗಲೂ ಇಷ್ಟೆಲ್ಲ ವಾದವುಂಟೇ?
– ಓದುಗರು, ರಾಯಚೂರು

ಉತ್ತರ: ಇಲ್ಲ. 18 ತುಂಬದವರ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆಯಿಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆ ಅನ್ವಯಿಸುತ್ತದೆ, ಆಕೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಬೇಕು. ಗೊತ್ತಾದ ಕ್ಷಣವೇ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ.

ಪ್ರಶ್ನೆ: ಸುಪ್ರೀಂ ಕೋರ್ಟ್ 2022ರಲ್ಲಿ ‘ಪೊಲೀಸರು ಬಂಧಿಸುವಂತಿಲ್ಲ’ ಎಂದಿದೆಯಲ್ಲ, ಆದರೂ ಯಾಕೆ ಹಿಡಿಯುತ್ತಾರೆ?
– ಓದುಗರು, ಬೆಂಗಳೂರು

ಉತ್ತರ: ಆ ದಿನಗಳಲ್ಲಿ ಹಾಗೆಂದು ಸುದ್ದಿಯಾಯಿತು. 2022ರ ಮೇ 19ರ ಆದೇಶ ಅಷ್ಟು ದೂರ ಹೋಗಿಲ್ಲ. ಕೋರ್ಟೇ ನೇಮಿಸಿದ ಸಮಿತಿಯ ಶಿಫಾರಸುಗಳಲ್ಲಿ ‘ರೇಡಿನಲ್ಲಿ ಬಂಧಿಸಬಾರದು’ ಎಂಬುದೂ ಇತ್ತು. ಕೇಂದ್ರ ಸರ್ಕಾರ ತಕರಾರು ಎತ್ತಿದ್ದರಿಂದ ಅದು ನಿರ್ದೇಶನವಾಗಲಿಲ್ಲ. ಜಾರಿ ಮಾಡಲೇಬೇಕೆಂದು ಹೇಳಿದ್ದು ಬೇರೆ ಕೆಲವು: ಪೊಲೀಸರು ಬೈಯುವುದು, ಹೊಡೆಯುವುದು, ಲೈಂಗಿಕವಾಗಿ ಪೀಡಿಸುವುದು ಕೂಡದು. ಅತ್ಯಾಚಾರಕ್ಕೊಳಗಾದ ಲೈಂಗಿಕ ಕಾರ್ಯಕರ್ತೆಗೆ ಉಳಿದವರಂತೆಯೇ ಚಿಕಿತ್ಸೆ ಸಿಗಬೇಕು. ಮಾಧ್ಯಮಗಳು ಗುರುತು ಬಯಲು ಮಾಡಬಾರದು. ಹೋಮ್‌ಗಳಲ್ಲಿ ಇಷ್ಟವಿಲ್ಲದೆ ಇರುವ ವಯಸ್ಕರನ್ನು ಗುರುತಿಸಿ ಬಿಡುಗಡೆಗೆ ಕ್ರಮ ಕೈಗೊಳ್ಳಬೇಕು. ಕಾಂಡೋಮ್ ಇಟ್ಟುಕೊಂಡದ್ದನ್ನು ಅಪರಾಧಕ್ಕೆ ಸಾಕ್ಷಿಯೆಂದು ಬಳಸಬಾರದು. ನಿಮ್ಮವರ ಪಂಚನಾಮೆಯಲ್ಲಿ ಕಾಂಡೋಮ್ ಜಪ್ತಿ ಎಂದಿದ್ದರೆ ಆದೇಶದ ಪ್ರತಿಯೊಂದಿಗೆ ಆ ಸಾಲಿಗೆ ಗೆರೆ ಎಳೆದು ವಕೀಲರ ಕೈಗೆ ಕೊಡಿ.