ಓದುಗರ ಗಾಡಿ, ನಮ್ಮ ಉತ್ತರ: ಎತ್ತರಿಸುವ ಮೊದಲು ಟೈರ್ ನೋಡಿ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಗಾಡಿ ಎತ್ತರಿಸುವ ಲಿಫ್ಟ್ ಕಿಟ್ ಮತ್ತು ಟೈರಿನ ಅಳತೆಯ ಬಗ್ಗೆಯೇ. ಮಳೆಗಾಲ ಮುಗಿದು ಅಡಿಕೆಯ ಕೊನೆಕೊಯ್ಲು ಶುರುವಾಗುವ ಹೊತ್ತಿಗೆ ತೋಟದ ದಾರಿಗಳು ಹೇಗಾಗಿರುತ್ತವೆ ಎಂದು ಬಲ್ಲವರಿಗೆ ಇದು ಹೊಸದಲ್ಲ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನದು 2023ರ ಜಿಮ್ನಿ. ಮನೆಯಿಂದ ತೋಟಕ್ಕೆ ಮಣ್ಣು ರಸ್ತೆ. ಟ್ರ್ಯಾಕ್ಟರ್ ಓಡಾಡಿ ಜಾಡು ಆಳವಾಗಿದೆ, ನಡುವಿನ ದಿಣ್ಣೆ ಗಾಡಿಯ ಅಡಿಗೆ ತಾಗುತ್ತದೆ. ಅಂಗಡಿಯವರು 3 ಇಂಚು ಲಿಫ್ಟ್ ಮಾಡಿಸಿ 31 ಇಂಚಿನ ಟೈರ್ ಹಾಕಿಸಿ ಎನ್ನುತ್ತಾರೆ. ಹಾಕಿಸಲೇ? (ಸಿದ್ದಾಪುರ)

ಉತ್ತರ: ಬೇಡ. ಮೊದಲು ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಅಡಿಗೆ ಹೋಗಿ ಎಲ್ಲಿ ತಾಗಿದೆ ನೋಡಿ. ಮಣ್ಣು ಉಜ್ಜಿ ಬಣ್ಣ ಹೋಗಿರುವ ಜಾಗ ತಾನೇ ಕಾಣುತ್ತದೆ. ಉಜ್ಜಿದ್ದು ಡಿಫರೆನ್ಷಿಯಲ್ ಹೌಸಿಂಗ್ (ಆಕ್ಸಲ್ ಮೇಲಿನ ಉಬ್ಬಿದ ಗೇರ್ ಡಬ್ಬಿ) ಆಗಿದ್ದರೆ ಲಿಫ್ಟ್ ಕಿಟ್‌ನಿಂದ ಒಂದು ಮಿಲಿಮೀಟರ್ ಉಪಯೋಗವೂ ಇಲ್ಲ. ಜಿಮ್ನಿಯಲ್ಲಿ ಮುಂದೆಯೂ ಹಿಂದೆಯೂ ಗಟ್ಟಿ ಆಕ್ಸಲ್, ಅಂದರೆ ಎಡಬಲ ಚಕ್ರಗಳನ್ನು ಜೋಡಿಸುವ ಒಂದೇ ಅಚ್ಚು. ಸ್ಪ್ರಿಂಗ್ ಉದ್ದವಾದರೆ ಚಾಸಿ ಮತ್ತು ಬಾಡಿ ಮೇಲೇಳುತ್ತವೆ, ಆಕ್ಸಲ್ ಇದ್ದಲ್ಲೇ ಇರುತ್ತದೆ. ಆಕ್ಸಲನ್ನು ನೆಲದಿಂದ ಮೇಲೆತ್ತುವುದು ಟೈರ್ ಒಂದೇ. ಬಂಪರ್ ಕೆಳಗೋ ಚಾಸಿಯ ನಡುವಿಗೋ ತಾಗುತ್ತಿದ್ದರೆ ಮಾತ್ರ ಲಿಫ್ಟ್ ಕೆಲಸಕ್ಕೆ ಬರುತ್ತದೆ.

ಈಗ ಟೈರಿನ ಲೆಕ್ಕ. ಕಂಪನಿಯ ಅಳತೆ 195/80 ಆರ್15. ಅಗಲ 195 ಮಿ.ಮೀ., ಪಕ್ಕದ ಗೋಡೆ ಅದರ ಶೇ. 80, ಅಂದರೆ 156. ಮೇಲೆ ಕೆಳಗೆ ಸೇರಿ 312, ಅದಕ್ಕೆ 15 ಇಂಚಿನ ರಿಮ್‌ನ 381 ಕೂಡಿಸಿದರೆ ಒಟ್ಟು ಎತ್ತರ 693 ಮಿ.ಮೀ. ಇದೇ ಲೆಕ್ಕದಲ್ಲಿ 215/75 ಆರ್15ಕ್ಕೆ ಸುಮಾರು 704, 235/75 ಆರ್15ಕ್ಕೆ ಸುಮಾರು 734, ಹೆಸರಿಗೆ 31 ಇಂಚಿನದಕ್ಕೆ 787. ಹೆಚ್ಚಿದ ಎತ್ತರದಲ್ಲಿ ಅರ್ಧ ಮಾತ್ರ ಆಕ್ಸಲ್ ಕೆಳಗೆ ಸಿಗುತ್ತದೆ: 215ರಲ್ಲಿ 5 ಮಿ.ಮೀ., 235ರಲ್ಲಿ 20, 31 ಇಂಚಿನದರಲ್ಲಿ 47.

ಆ 47ಕ್ಕೆ ತೆರಬೇಕಾದ ಬೆಲೆ ದೊಡ್ಡದು. ಟೈರ್ ಶೇ. 13ಕ್ಕಿಂತ ಹೆಚ್ಚು ಎತ್ತರವಾದರೆ ಎಲ್ಲ ಗೇರೂ ಅಷ್ಟೇ ಭಾರವಾಗುತ್ತದೆ. ಒಂದೂವರೆ ಲೀಟರ್ ಪೆಟ್ರೋಲ್ ಎಂಜಿನ್ ಘಟ್ಟ ಹತ್ತುವಾಗ ಮೂರನೇ ಗೇರಿನಿಂದ ಎರಡಕ್ಕೆ ಇಳಿಯುತ್ತಲೇ ಇರಬೇಕಾಗುತ್ತದೆ, ಬ್ರೇಕ್ ಹಿಡಿದಾಗ ನಿಲ್ಲುವ ದೂರವೂ ಹೆಚ್ಚುತ್ತದೆ. ಬಿಡಿ ಚಕ್ರದ ತೂಕ ಹಿಂಬಾಗಿಲ ಕೀಲಿನ ಮೇಲೆ ಬೀಳುತ್ತದೆ. ಮೂರು ಇಂಚು ಎತ್ತಿದ ಮೇಲೆ ಆಕ್ಸಲ್‌ಗೆ ತಿರುಗುಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ಗಳ ಓರೆ ಹೆಚ್ಚಿ ಕಂಪನ ಶುರುವಾಗಬಹುದು.

ನಮ್ಮ ಸಲಹೆ: ಲಿಫ್ಟ್ ಇಲ್ಲದೆ 215/75 ಆರ್15 ಆಲ್ ಟೆರೇನ್ (ಡಾಂಬರಿಗೂ ಮಣ್ಣಿಗೂ ಹೊಂದುವ ಟೈರ್), ಐದೂ ಚಕ್ರಕ್ಕೆ. ಇದು ಮೂಲ ರಿಮ್‌ಗೇ ಕೂರುತ್ತದೆ, ಉಜ್ಜುವುದಿಲ್ಲ. ಬಾಕಿ ಕೆಲಸ ದಾರಿಯಲ್ಲಿದೆ. ನಡುವಿನ ದಿಣ್ಣೆಯನ್ನು ಗುದ್ದಲಿಯಲ್ಲಿ ತೆಗೆದು, ಜಾಡಿಗೆ ಚಿರೆಕಲ್ಲಿನ ಚೂರು ತುಂಬಿಸಿ, ಇಳಿಜಾರಿನಲ್ಲಿ ನೀರು ಪಕ್ಕಕ್ಕೆ ಹೋಗುವಂತೆ ಅಲ್ಲಲ್ಲಿ ಅಡ್ಡ ಕಾಲುವೆ ಕಡಿಸಿ. ಜಾಡನ್ನು ಆಳ ಮಾಡುವುದು ಟ್ರ್ಯಾಕ್ಟರ್ ಮಾತ್ರವಲ್ಲ, ಅದರಲ್ಲೇ ಹರಿಯುವ ನೀರು ಕೂಡ. ಹಾಗೆ ಮಾಡಿದರೆ 20 ಮಿ.ಮೀ. ಅಲ್ಲ, ಅರ್ಧ ಅಡಿ ಗಿಟ್ಟುತ್ತದೆ.

ಪ್ರಶ್ನೆ: ಜಿಮ್ನಿಗೆ 2 ಇಂಚು ಲಿಫ್ಟ್, 235/75 ಹಾಕಿಸಲೇಬೇಕೆಂದಿದ್ದೇನೆ. ಕಿಟ್‌ನಲ್ಲಿ ಏನೇನು ಇರಬೇಕು? ಕೆಲಸ ಸರಿಯಾಗಿದೆಯೇ ಎಂದು ನೋಡುವುದು ಹೇಗೆ? (ಯಲ್ಲಾಪುರ)

ಉತ್ತರ: ಕೊನೆಯ ಪ್ರಶ್ನೆಯಲ್ಲಿ ಕಾನೂನಿನ ಮಾತಿದೆ, ಅದನ್ನು ಓದಿದ ಮೇಲೆ ನಿರ್ಧರಿಸಿ. ಹಾಕಿಸುವುದೇ ಆದರೆ ಬರೀ ನಾಲ್ಕು ಸ್ಪ್ರಿಂಗ್ ಕೊಟ್ಟು ‘ಕಿಟ್’ ಎನ್ನುವವರಿಂದ ದೂರವಿರಿ. ನಾಲ್ಕು ಸ್ಪ್ರಿಂಗ್, ಅವಕ್ಕೆ ಹೊಂದುವ ಉದ್ದದ ನಾಲ್ಕು ಶಾಕ್ ಅಬ್ಸಾರ್ಬರ್, ಮುಂದಿನ ಆರ್ಮ್‌ಗಳಿಗೆ ಕ್ಯಾಸ್ಟರ್ (ಸ್ಟೀರಿಂಗ್ ಅಕ್ಷ ಹಿಂದಕ್ಕೆ ಬಾಗಿರುವ ಓರೆ) ಸರಿಪಡಿಸುವ ಬುಷ್, ಉದ್ದ ಹೊಂದಿಸಬಹುದಾದ ಪ್ಯಾನಾರ್ಡ್ ರಾಡ್ ಮುಂದೊಂದು ಹಿಂದೊಂದು, ಬ್ರೇಕ್ ಹೋಸ್ ಕೆಳಗಿಳಿಸುವ ಬ್ರಾಕೆಟ್ ಅಥವಾ ಉದ್ದದ ಹೋಸ್, ಚಕ್ರ ಮೇಲೇರುವ ಮಿತಿ ಹಿಡಿಯುವ ಬಂಪ್ ಸ್ಟಾಪ್‌ಗೆ ಎತ್ತರದ ತುಂಡು. ಇಷ್ಟು ಬೇಕೇ ಬೇಕು.

ಒಂದೊಂದಕ್ಕೂ ಕಾರಣವಿದೆ. ಪ್ಯಾನಾರ್ಡ್ ರಾಡ್ ಆಕ್ಸಲನ್ನು ಚಾಸಿಗೆ ಅಡ್ಡಲಾಗಿ ಹಿಡಿದಿರುತ್ತದೆ. ಗಾಡಿ ಎತ್ತಿದಾಗ ರಾಡ್ ಹೆಚ್ಚು ಓರೆಯಾಗಿ ಆಕ್ಸಲನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ. ಗಾರೆ ಕೆಲಸದವರ ತೂಗುಗುಂಡನ್ನು ಎರಡೂ ಬದಿಯ ಮಡ್‌ಗಾರ್ಡ್ ಅಂಚಿನಿಂದ ಇಳಿಬಿಟ್ಟು ಟೈರಿಗೆ ಇರುವ ಅಂತರ ಅಳೆದರೆ ಗೊತ್ತಾಗುತ್ತದೆ. ಎಡಬಲ ಒಂದೇ ಬರುವವರೆಗೆ ರಾಡಿನ ಉದ್ದ ಹೊಂದಿಸಬೇಕು. ಕ್ಯಾಸ್ಟರ್ ಕಡಿಮೆಯಾದರೆ ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ, ಹೆದ್ದಾರಿಯಲ್ಲಿ ಗಾಡಿ ಅತ್ತಿತ್ತ ಅಲೆಯುತ್ತದೆ.

ಹೆಚ್ಚಿನವರು ತಪ್ಪು ತಿಳಿಯುವುದು ಇಲ್ಲಿ: ಸ್ಪ್ರಿಂಗ್ ಉದ್ದವಾದರೂ ಚಕ್ರ ಪೂರ್ತಿ ಮೇಲೆ ಒತ್ತಿದಾಗ ತಲುಪುವ ಜಾಗ ಬದಲಾಗುವುದಿಲ್ಲ. ನಿಂತಾಗ ಟೈರ್ ಮೇಲೆ ನಾಲ್ಕು ಬೆರಳು ಜಾಗ ಕಾಣುತ್ತದೆ, ಗುಂಡಿಗೆ ಬಿದ್ದಾಗ ಅದೇ ಟೈರ್ ಮಡ್‌ಗಾರ್ಡ್‌ಗೆ ಬಡಿಯುತ್ತದೆ. ಅದನ್ನು ತಡೆಯುವುದು ಲಿಫ್ಟ್ ಅಲ್ಲ, ಬಂಪ್ ಸ್ಟಾಪ್. ಪರೀಕ್ಷೆ ಹೀಗೆ: ನೀರಲ್ಲಿ ಕಲಸಿದ ಸೀಮೆಸುಣ್ಣವನ್ನು ಟೈರಿನ ಭುಜಕ್ಕೆ ದಪ್ಪಗೆ ಬಳಿಯಿರಿ. ಮುಂದಿನ ಎಡ ಮತ್ತು ಹಿಂದಿನ ಬಲ ಚಕ್ರವನ್ನು ಗಟ್ಟಿ ದಿಮ್ಮಿಯ ಮೇಲೆ ನಿಧಾನಕ್ಕೆ ಹತ್ತಿಸಿ, ಸ್ಟೀರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆವರೆಗೆ ತಿರುಗಿಸಿ. ಆಮೇಲೆ ಬದಿ ಬದಲಿಸಿ ಮತ್ತೆ ಮಾಡಿ. ಒಳ ಪ್ಲಾಸ್ಟಿಕ್, ಬಂಪರ್ ಮೂಲೆ, ಆರ್ಮ್, ಎಲ್ಲಿ ಬಿಳಿ ಅಂಟಿದೆಯೋ ಅಲ್ಲಿ ಉಜ್ಜುತ್ತದೆ. ಅದೇ ಹೊತ್ತಿಗೆ ಕೆಳಗೆ ಜೋತ ಚಕ್ರದ ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರ್ ಬಿಗಿದಿವೆಯೇ ನೋಡಿ. ಹೋಸ್ ತಂತಿಯಂತೆ ಎಳೆದು ನಿಂತಿದ್ದರೆ ಗಾಡಿ ಗ್ಯಾರೇಜಿನಿಂದ ಹೊರಡಬಾರದು.

ಇನ್ನೊಂದು. ರಬ್ಬರ್ ಬುಷ್ ಇರುವ ಬೋಲ್ಟ್‌ಗಳನ್ನು ಗಾಡಿ ಜಾಕ್ ಮೇಲಿರುವಾಗ ಪೂರ್ತಿ ಬಿಗಿಯಬಾರದು. ಚಕ್ರ ನೆಲಕ್ಕಿಳಿದು ಭಾರ ಬಿದ್ದ ಮೇಲೆಯೇ ಬಿಗಿಯಬೇಕು. ಇಲ್ಲವಾದರೆ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಕೊನೆಗೆ ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟ್ ತಗ್ಗಿಸಿ. ಎದುರಿನವರ ಕಣ್ಣು ಕುಕ್ಕಿಸಿ ಘಟ್ಟ ಇಳಿಯುವುದು ಅಪಾಯ. 235/75ರಲ್ಲಿ ಮೀಟರ್ 60 ತೋರಿಸುವಾಗ ಗಾಡಿ ಮೊದಲಿಗಿಂತ ಶೇ. 6ರ ಹತ್ತಿರ ಜೋರಾಗಿ ಓಡುತ್ತಿರುತ್ತದೆ.

ಪ್ರಶ್ನೆ: 2021ರ ಥಾರ್, 18 ಇಂಚಿನ ಅಲಾಯ್. ಮುಂದೆ ಎತ್ತರಕ್ಕೆ ಸ್ಪೇಸರ್ ತುಂಡು ಹಾಕಿಸಿ, 16 ಇಂಚಿನ ರಿಮ್‌ಗೆ ಇಳಿಯಬಹುದೇ? (ಕಾರವಾರ)

ಉತ್ತರ: ರಿಮ್ ಇಳಿಸುವುದು ಒಳ್ಳೆಯ ಯೋಚನೆ. ಎಎಕ್ಸ್ ಮಾದರಿಗೆ ಕಂಪನಿಯೇ 245/75 ಆರ್16 ಕೊಟ್ಟಿದ್ದರಿಂದ ಬ್ರೇಕಿಗೆ ತಾಗುತ್ತದೆಂಬ ಭಯವಿಲ್ಲ. ಪಕ್ಕದ ಗೋಡೆ 166 ಮಿ.ಮೀ.ನಿಂದ 184ಕ್ಕೆ ಏರುತ್ತದೆ. ಗಾಳಿ ಇಳಿಸಿದಾಗ ಟೈರ್ ಚೆನ್ನಾಗಿ ಹರಡಿಕೊಳ್ಳುತ್ತದೆ, ಕಲ್ಲಿಗೆ ಬಡಿದು ರಿಮ್ ಬಾಗುವುದೂ ಕಡಿಮೆ. ಆದರೆ ಒಟ್ಟು ಎತ್ತರ 789ರಿಂದ 774ಕ್ಕೆ ಇಳಿಯುತ್ತದೆ, ಅಂದರೆ ಗಾಡಿ 7 ಮಿ.ಮೀ. ತಗ್ಗುತ್ತದೆ. 265/75 ಆರ್16 ಹಾಕಿದರೆ 804. ಅದು ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಉಜ್ಜುತ್ತದೋ ಇಲ್ಲವೋ ಎನ್ನುವುದು ರಿಮ್‌ನ ಆಫ್‌ಸೆಟ್ ಮೇಲೆ ನಿಂತಿದೆ. ರಿಮ್ ಹೊರಗೆ ಬಂದಷ್ಟೂ ಬಂಪರ್ ಮೂಲೆಗೆ, ಒಳಗೆ ಹೋದಷ್ಟೂ ಆರ್ಮ್‌ಗೆ ತಾಗುತ್ತದೆ. ಇದಕ್ಕೆ ಲಿಫ್ಟ್ ಪರಿಹಾರವಲ್ಲ.

ಸ್ಪೇಸರ್ ವಿಚಾರದಲ್ಲಿ ಎಚ್ಚರ ಬೇಕು. ಥಾರ್‌ನ ಮುಂದಿನದು ಪ್ರತಿ ಚಕ್ರಕ್ಕೂ ಬೇರೆಬೇರೆ ಆರ್ಮ್ ಇರುವ ಡಬಲ್ ವಿಶ್‌ಬೋನ್, ಹಿಂದಿನದು ಗಟ್ಟಿ ಆಕ್ಸಲ್. ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಸ್ಟ್ರಟ್ ಕೂತಿರುವುದು ಚಕ್ರದ ಹತ್ತಿರವಲ್ಲ, ಆರ್ಮ್‌ನ ಒಳಭಾಗದಲ್ಲಿ. ಹಾಗಾಗಿ ಸ್ಟ್ರಟ್ ಮೇಲೆ ಇಟ್ಟ ಸ್ಪೇಸರ್‌ಗಿಂತ ಚಕ್ರದಲ್ಲಿ ಸಿಗುವ ಎತ್ತರ ಹೆಚ್ಚು. ಇಂಥ ಜೋಡಣೆಗಳಲ್ಲಿ ಸಾಮಾನ್ಯವಾಗಿ ಒಂದೂವರೆ ಪಟ್ಟಿನಿಂದ ಎರಡು ಪಟ್ಟು. ‘2 ಇಂಚಿನ ಸ್ಪೇಸರ್’ ಎಂದಾಗ ಅದು ತುಂಡಿನ ದಪ್ಪವೋ ಚಕ್ರದಲ್ಲಿ ಸಿಗುವ ಎತ್ತರವೋ ಕೇಳಿ. ಹಬ್ ನಡುವಿನಿಂದ ಮಡ್‌ಗಾರ್ಡ್ ಅಂಚಿಗೆ ಮೊದಲೂ ಆಮೇಲೂ ಅಳೆದು ಬರೆದಿಡಿ. ಚಕ್ರದಲ್ಲಿ 40 ಮಿ.ಮೀ. ದಾಟಬೇಡಿ. ಅದಕ್ಕಿಂತ ಹೆಚ್ಚಾದರೆ ಆಕ್ಸಲ್ ಶಾಫ್ಟಿನ ಸಿವಿ ಜಾಯಿಂಟ್ (ಓರೆಯಲ್ಲೂ ತಿರುಗುವ ಕೀಲು) ತೀರಾ ಓರೆಯಾಗಿ ರಬ್ಬರ್ ಬೂಟಿನ ಮಡಿಕೆಗಳು ಒಂದಕ್ಕೊಂದು ಉಜ್ಜುತ್ತವೆ. ಬೂಟ್ ಹರಿದ ದಿನವೇ ಗ್ರೀಸ್ ಹೊರಚೆಲ್ಲಿ ಕೆಂಪುಮಣ್ಣು ಒಳಸೇರುತ್ತದೆ. ಆಮೇಲೆ ಪೂರ್ತಿ ತಿರುಗಿಸಿದಾಗ ಕಟಕಟ ಸದ್ದು, ಕೊನೆಗೆ ಜಾಯಿಂಟ್ ಬದಲಾವಣೆ. ಸ್ಪೇಸರ್‌ನಿಂದ ಚಕ್ರದ ಒಟ್ಟು ಓಡಾಟವೂ ಹೆಚ್ಚುವುದಿಲ್ಲ.

ಕಡಲ ಉಪ್ಪುಗಾಳಿಗೆ ಬರೀ ಬಣ್ಣ ಬಳಿದ ಕಬ್ಬಿಣದ ಸ್ಪೇಸರ್ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ಸ್ಟಡ್‌ಗಳಿಗೆ ಅಂಟಿಬಿಡುತ್ತದೆ. ಜೋಡಿಸುವಾಗಲೇ ಎಳೆಗಳಿಗೆ ತುಕ್ಕುನಿರೋಧಕ ಗ್ರೀಸ್ ಹಚ್ಚಿಸಿ.

ಪ್ರಶ್ನೆ: ಹಳೆ ಜಿಪ್ಸಿ ಕೊಂಡೆ. ಹಿಂದಿನ ಮಾಲೀಕರು ಉದ್ದನೆಯ ಶ್ಯಾಕಲ್ (ಲೀಫ್ ಸ್ಪ್ರಿಂಗ್ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ) ಹಾಕಿಸಿದ್ದಾರೆ. ಐವತ್ತರ ವೇಗ ದಾಟಿದರೆ ಸ್ಟೀರಿಂಗ್ ಅದುರುತ್ತದೆ. (ಜೋಯಿಡಾ)

ಉತ್ತರ: ಮುಂದಿನ ಶ್ಯಾಕಲ್ ಮೊದಲಿನ ಉದ್ದಕ್ಕೇ ಬರಲಿ. ಶ್ಯಾಕಲ್ 2 ಇಂಚು ಉದ್ದವಾದರೆ ಸಿಗುವ ಎತ್ತರ 1 ಇಂಚು ಮಾತ್ರ. ಜಿಪ್ಸಿಯ ಮುಂದಿನ ಲೀಫ್ ಸ್ಪ್ರಿಂಗ್‌ನಲ್ಲಿ ಶ್ಯಾಕಲ್ ಮುಂತುದಿಯಲ್ಲಿದೆ, ಅದು ಉದ್ದವಾದಷ್ಟೂ ಆಕ್ಸಲ್‌ನ ಮೇಲ್ಭಾಗ ಮುಂದಕ್ಕೆ ಬಾಗಿ ಕ್ಯಾಸ್ಟರ್ ಕಡಿಮೆಯಾಗುತ್ತದೆ. ಶ್ಯಾಕಲ್ ಬದಲಿಸಿದ ಮೇಲೂ ಅದುರಿದರೆ ಈ ಕ್ರಮದಲ್ಲಿ ನೋಡಿ: ಚಕ್ರದ ಬ್ಯಾಲೆನ್ಸ್, ಟೈ ರಾಡ್ ಎಂಡ್, ಕಿಂಗ್‌ಪಿನ್ ಬೇರಿಂಗ್, ಸ್ಪ್ರಿಂಗ್ ಬುಷ್. ಎಲ್ಲ ಸರಿಯಿದ್ದೂ ಕ್ಯಾಸ್ಟರ್ ಸಾಲದಿದ್ದರೆ 2 ಡಿಗ್ರಿಯ ಉಕ್ಕಿನ ಬೆಣೆ ಇಡಿಸಬಹುದು. ಸ್ಪ್ರಿಂಗ್ ಆಕ್ಸಲ್‌ನ ಕೆಳಗಿರುವುದರಿಂದ ಬೆಣೆಯ ದಪ್ಪ ಬದಿ ಮುಂದಕ್ಕಿರಬೇಕು. ತಿರುವುಮುರುವಾದರೆ ಅದುರು ಹೆಚ್ಚುತ್ತದೆ. ಅಲ್ಯೂಮಿನಿಯಂ ಬೆಣೆ ಬೇಡ, ಒಡೆಯುತ್ತದೆ. ಯು ಬೋಲ್ಟ್ ಒಮ್ಮೆ ಬಿಚ್ಚಿದರೆ ಹೊಸತೇ ಹಾಕಬೇಕು, 500 ಕಿ.ಮೀ. ಆದ ಮೇಲೆ ಮತ್ತೆ ಬಿಗಿಯಬೇಕು. ಮುಂದಿನ ಆಕ್ಸಲ್‌ಗೆ ಬ್ಲಾಕ್ ಇಡಲು ಯಾರು ಹೇಳಿದರೂ ಒಪ್ಪಬೇಡಿ. ಬ್ರೇಕ್ ಹಿಡಿದಾಗ ಅದು ಕಿತ್ತು ಬರಬಹುದು.

ಪ್ರಶ್ನೆ: ವಾರಕ್ಕೆರಡು ಸಲ ದೇವಿಮನೆ ಘಟ್ಟದಲ್ಲಿ ಓಡಾಟ. ಮಡ್ ಟೆರೇನ್ ಟೈರ್ ಒಳ್ಳೆಯದೇ? (ಕುಮಟಾ)

ಉತ್ತರ: ಅಲ್ಲ. ಮಡ್ ಟೈರಿನ ಮೇಲಿನ ರಬ್ಬರ್ ಉಬ್ಬುಗಳು ದೊಡ್ಡವು, ಸಂದುಗಳು ಅಗಲ. ಅಂಟು ಮಣ್ಣನ್ನು ಕೊಡವಿಕೊಳ್ಳಲು ಅದು ಸರಿ. ಆದರೆ ಒದ್ದೆ ಡಾಂಬರಿನಲ್ಲಿ ನೆಲ ಮುಟ್ಟುವ ರಬ್ಬರ್ ಕಡಿಮೆ, ನೀರನ್ನು ಸೀಳುವ ಸಣ್ಣ ಗೀರುಗಳೂ ಕಡಿಮೆ. ತಿರುವಿನಲ್ಲಿ ಬ್ರೇಕ್ ಹಿಡಿದಾಗ ಜಾರುತ್ತದೆ. ಆಲ್ ಟೆರೇನ್ ತೆಗೆದುಕೊಳ್ಳಿ. ಟೈರಿನ ಸಂದುಗಳಿಗೆ ಕಾನೂನು ಹೇಳುವ ಕನಿಷ್ಠ ಆಳ 1.6 ಮಿ.ಮೀ., ನಮ್ಮ ಮಳೆಗೆ 3 ಮಿ.ಮೀ.ನಲ್ಲೇ ಬದಲಿಸಿ. ಕೊಳ್ಳುವಾಗ ಪಕ್ಕದಲ್ಲಿರುವ ನಾಲ್ಕು ಅಂಕಿ ಓದಿ: 2324 ಎಂದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಲೋಡ್ ಇಂಡೆಕ್ಸ್ (ಟೈರ್ ಹೊರಬಲ್ಲ ಭಾರದ ಸೂಚಿ) ಮೂಲ ಟೈರಿಗಿಂತ ಕಡಿಮೆ ಇರಬಾರದು. ಫೋರ್ ವೀಲ್ ಡ್ರೈವ್ ಗಾಡಿಗೆ ಮುಂದೆ ಎರಡು ಹೊಸತು, ಹಿಂದೆ ಸವೆದದ್ದು ಹಾಕಬೇಡಿ. ಸುತ್ತಳತೆ ಬೇರೆಯಾದರೆ ಮುಂದಿನ ಹಿಂದಿನ ಆಕ್ಸಲ್‌ಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಸುಮ್ಮನೆ ತಿರುಚುಬಲ ಹೊರಬೇಕಾಗುತ್ತದೆ.

ಪ್ರಶ್ನೆ: ಮನೆಗೆ ಮರಳು ದಾರಿ. ಗಾಡಿ ಹೂತುಹೋಗುತ್ತದೆ. ದೊಡ್ಡ ಟೈರ್ ಬೇಕೇ? (ಹೊನ್ನಾವರ)

ಉತ್ತರ: ಗಾಳಿ ಇಳಿಸಿ ಸಾಕು. ಒಣ ಮರಳಿಗೆ 15ರಿಂದ 18 ಪಿಎಸ್‌ಐ. ಟೈರ್ ಉದ್ದಕ್ಕೆ ಹರಡಿ ಮರಳಿನ ಮೇಲೆ ತೇಲುತ್ತದೆ. 12ಕ್ಕಿಂತ ಇಳಿಸಿದರೆ ಟೈರ್ ರಿಮ್ ಬಿಟ್ಟು ಬರಬಹುದು. ಆ ಗಾಳಿಯಲ್ಲಿ 30ರ ವೇಗ ದಾಟದೆ, ಗಕ್ಕನೆ ತಿರುಗಿಸದೆ ಹೋಗಿ. ಡಾಂಬರಿಗೆ ಬಂದ ಕೂಡಲೇ ತುಂಬಿಸಲು 12 ವೋಲ್ಟಿನ ಕಂಪ್ರೆಸರ್ ಗಾಡಿಯಲ್ಲೇ ಇರಲಿ. ಕಡಲತೀರಕ್ಕೆ ಮಾತ್ರ ಗಾಡಿ ಇಳಿಸಬೇಡಿ. ಕಾಸರಕೋಡು ಟೊಂಕದ ಮರಳಿನಲ್ಲಿ ಕಡಲಾಮೆಗಳು ಮೊಟ್ಟೆ ಇಡುತ್ತವೆ, ಚಕ್ರದ ಜಾಡಿಗೆ ಬಿದ್ದ ಮರಿ ಹತ್ತಿ ಬರಲಾರದು.

ಪ್ರಶ್ನೆ: ಇದೆಲ್ಲ ಆರ್‌ಟಿಒ ಒಪ್ಪುತ್ತಾರಾ? (ಅಂಕೋಲಾ, ಶಿರಸಿ)

ಉತ್ತರ: ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಎತ್ತಿಹಿಡಿಯಿತು. ಮೀರಿದರೆ 182ಎ ಕಲಮಿನಡಿ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಲಿಫ್ಟ್ ಕಿಟ್ ಈ ಕಲಮಿಗೆ ಸಿಕ್ಕಿಬೀಳುವಂಥದ್ದೇ. ಟೈರಿನಲ್ಲಿ ಅತ್ಯಂತ ಸುರಕ್ಷಿತ ದಾರಿ, ಕಂಪನಿ ಅದೇ ಗಾಡಿಯ ಇನ್ನೊಂದು ಮಾದರಿಗೆ ಕೊಟ್ಟಿರುವ ಅಳತೆ. ಥಾರ್‌ನವರಿಗೆ ಈ ಅನುಕೂಲವಿದೆ. ಜಿಮ್ನಿಯವರು 215/75ಕ್ಕೆ ಹೋಗುವ ಮೊದಲು ಕಾರವಾರ, ಶಿರಸಿ ಅಥವಾ ಹೊನ್ನಾವರದ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ. ವಿಮೆ ಕಂಪನಿಗೆ ಇಮೇಲ್‌ನಲ್ಲಿ ತಿಳಿಸಿ ಉತ್ತರವನ್ನು ಇಟ್ಟುಕೊಳ್ಳಿ. ಫೋನಿನಲ್ಲಿ ‘ಪರವಾಗಿಲ್ಲ’ ಎಂದದ್ದು ಅಪಘಾತದ ನಂತರ ಸಾಕ್ಷಿಯಾಗುವುದಿಲ್ಲ.