ಮಗನ ಹೆಸರು ಯಾಕೆ ಮೊಟಕು ಮಾಡಿದಿರಿ?

ಓದುಗರ ಪತ್ರ: "ಸಂಪಾದಕರೇ, ನಿಮ್ಮ ಪತ್ರಿಕೆಯಲ್ಲಿ ಮೇಲಿಂದ ಮೇಲೆ ವೈವಿಧ್ಯದ ಗುಣಗಾನ ಬರುತ್ತಿದೆ. ನಾವು ಹುಟ್ಟಿದ ದೇಶ ಬಿಟ್ಟು ಬಂದು ನೆಲೆಸಿದವರು. ಶಾಲೆಯಲ್ಲಿ ಕರೆಯಲು ಕಷ್ಟ ಆಗುತ್ತದೆ ಅಂತ ಮಗನ ಹೆಸರು ಮೊಟಕು ಮಾಡಿದ್ದೇವೆ. ಮನೆಯಲ್ಲೂ ಇಲ್ಲಿಯ ಭಾಷೆಯನ್ನೇ ಆಡುತ್ತೇವೆ. ಬಂದವರು ಬೆರೆತುಹೋಗಬೇಕು. ಎಲ್ಲರೂ ಒಂದೇ ಥರ ಆದರೆ ತಾನೇ ಜಗಳ ನಿಲ್ಲುವುದು? ಇದರಲ್ಲಿ ತಪ್ಪೇನಿದೆ?"

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮಗು ತರಗತಿಯಲ್ಲಿ ಒಂಟಿಯಾಗಬಾರದು ಅನ್ನುವ ಕಾಳಜಿ ಸಾಲುಸಾಲಿನಲ್ಲೂ ಇದೆ. ನೆಲೆಸಿದ ಕಡೆಯ ಭಾಷೆ ಕಲಿಯಬೇಕು, ಬೇಗ ಕಲಿಯಬೇಕು. ಕಾನೂನು ಎಲ್ಲರಿಗೂ ಒಂದೇ ಇರಬೇಕು. ಸಂಪ್ರದಾಯದ ಹೆಸರು ಹೇಳಿ ಮನೆಯ ಹೆಣ್ಣುಮಕ್ಕಳ ಮೇಲೆ ಕೈ ಮಾಡುವವರಿಗೆ ಯಾವ ರಿಯಾಯಿತಿಯೂ ಬೇಡ. ಇಷ್ಟರ ಮಟ್ಟಿಗೆ ನಾನು ನಿಮ್ಮ ಕಡೆ. ಎಲ್ಲರೂ ಒಂದೇ ಥರ ಆದರೆ ಜಗಳ ನಿಲ್ಲುತ್ತದೆ ಅಂದಿರಲ್ಲ, ಅದನ್ನು ಮಾತ್ರ ಒಪ್ಪಲು ಆಗುವುದಿಲ್ಲ.

ಆಫ್ರಿಕಾದ ರುವಾಂಡಾ ನೋಡಿ. ಅಲ್ಲಿಯ ಎರಡು ಪಂಗಡ, ಹುಟುಗಳದ್ದೂ ಟುಟ್ಸಿಗಳದ್ದೂ ಒಂದೇ ಭಾಷೆ. ಇಬ್ಬರಲ್ಲೂ ಹೆಚ್ಚಿನವರು ಕ್ರೈಸ್ತರು. ಅಕ್ಕಪಕ್ಕದ ಮನೆ, ಒಂದೇ ಚರ್ಚು, ಮದುವೆ ಸಂಬಂಧವೂ ಇತ್ತು. ಇದಕ್ಕಿಂತ ಜಾಸ್ತಿ ಒಂದೇ ಥರ ಇರುವುದು ಹೇಗೆ? 1930ರ ದಶಕದಲ್ಲಿ ಬೆಲ್ಜಿಯಂನವರ ಆಡಳಿತ ಜನಕ್ಕೆಲ್ಲ ಗುರುತಿನ ಚೀಟಿ ಕೊಟ್ಟು ಯಾರು ಯಾವ ಪಂಗಡ ಅಂತ ಅದರಲ್ಲಿ ಬರೆಸಿತು. 1994ರಲ್ಲಿ ರಸ್ತೆಗೆ ಅಡ್ಡಗಟ್ಟಿ ನಿಂತವರು ಅದೇ ಚೀಟಿ ಕೇಳಿ, ನೋಡಿ, ಟುಟ್ಸಿ ಅಂತ ಇದ್ದವರನ್ನು ಕೊಂದರು. ಸತ್ತವರು ಲಕ್ಷಾಂತರ. ಆಮೇಲೆ ಚೀಟಿಯಿಂದ ಆ ಕಲಂ ತೆಗೆದರು, ಸರಿಯಾಗಿಯೇ ಮಾಡಿದರು. ಸರ್ಕಾರ ಜನರ ಮೇಲೆ ಗುರುತು ಅಂಟಿಸುವುದು ಬೇರೆ, ಒಂದು ಮನೆಯವರು ತಮ್ಮ ಮಾತು, ಹಾಡು, ಹೆಸರು ಉಳಿಸಿಕೊಳ್ಳುವುದು ಬೇರೆ. ಇವೆರಡನ್ನೂ ಕಲಸಿಬಿಟ್ಟು ವೈವಿಧ್ಯದಿಂದಲೇ ಜಗಳ ಅಂತ ಹೇಳುವವರು ಬಹಳ ಜನ. ನೀವೂ ಆ ಮಾತಿಗೆ ಸಿಕ್ಕಿಬಿದ್ದಿದ್ದೀರಿ ಅನಿಸುತ್ತದೆ.

ಇನ್ನೊಂದು ಕಡೆ ಸ್ವಿಟ್ಜರ್ಲೆಂಡ್. ಜರ್ಮನ್, ಫ್ರೆಂಚ್, ಇಟಾಲಿಯನ್ ಜೊತೆಗೆ ರೋಮಾನ್ಶ್ ಅನ್ನುವ ಪುಟ್ಟ ಭಾಷೆ ಇದೆ, ಇವತ್ತು ನೂರಕ್ಕೆ ಒಬ್ಬರೂ ಅದನ್ನು ಮುಖ್ಯ ಭಾಷೆಯಾಗಿ ಆಡುವುದಿಲ್ಲ. 1930ರ ದಶಕ ಅಂದರೆ, ಅದು ಬೇರೆ ಭಾಷೆಯೇ ಅಲ್ಲ, ಇಟಾಲಿಯನ್ನಿನ ಒಂದು ರೂಪ ಅಷ್ಟೆ, ಆ ಜನ ನಮ್ಮವರು ಅಂತ ಇಟಲಿಯಲ್ಲಿ ಕೆಲವರು ಕೂಗು ಹಾಕುತ್ತಿದ್ದ ಕಾಲ. 1938ರಲ್ಲಿ ಸ್ವಿಸ್ ಮತದಾರರು ನೂರಕ್ಕೆ 90ಕ್ಕೂ ಜಾಸ್ತಿ ಮತ ಹಾಕಿ ಅದನ್ನು ರಾಷ್ಟ್ರಭಾಷೆಗಳಲ್ಲಿ ಒಂದು ಮಾಡಿದರು. ಮತ ಹಾಕಿದವರಲ್ಲಿ ಹೆಚ್ಚಿನವರಿಗೆ ಆ ಭಾಷೆಯ ಒಂದು ವಾಕ್ಯವೂ ಬರುತ್ತಿರಲಿಲ್ಲ. ಹಾಗಿದ್ದೂ ಹಾಕಿದರು. ದೇಶ ಒಡೆಯಲಿಲ್ಲ.

ಈಗ ಹೆಸರಿನ ವಿಷಯ. ಇದನ್ನು ಸುಮ್ನೆ ಬಿಡಲು ನನ್ನಿಂದ ಆಗುವುದಿಲ್ಲ. 1879ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕಾರ್ಲೈಲ್ ಅಂತ ಒಂದು ವಸತಿ ಶಾಲೆ ಶುರುವಾಯಿತು. ಮೂಲನಿವಾಸಿ ಮಕ್ಕಳನ್ನು ಮನೆಯಿಂದ ದೂರ ತಂದು ಬಿಳಿಯರ ಥರ ಮಾಡುವುದೇ ಅದರ ಉದ್ದೇಶ. ಮೊದಲ ತಂಡದಲ್ಲಿ ಓಟಾ ಕ್ಟೆ ಅನ್ನುವ, ಲಕೋಟಾ ಬುಡಕಟ್ಟಿನ ಹುಡುಗ ಇದ್ದ. ಒಂದು ದಿನ ಬೋರ್ಡಿನ ಮೇಲೆ ಏನೇನೋ ಬರೆದಿಟ್ಟು, ಹುಡುಗರ ಕೈಗೆ ಕೋಲು ಕೊಟ್ಟು, ಒಂದನ್ನು ತೋರಿಸು ಅಂದರು. ಅವು ಹೆಸರುಗಳು ಅಂತ ಓದಲು ಬಾರದ ಆ ಮಕ್ಕಳಿಗೆ ಗೊತ್ತಾಗುವುದಾದರೂ ಹೇಗೆ? ಆತ ಒಂದು ಕಡೆ ಕೋಲು ಇಟ್ಟ. ಅವತ್ತಿನಿಂದ ಅವನು ಲೂಥರ್. ಆ ಹೆಸರನ್ನು ಬಿಳಿ ಪಟ್ಟಿಯ ಮೇಲೆ ಬರೆದು ಅಂಗಿಯ ಬೆನ್ನಿಗೆ ಹೊಲಿದರು. ಕೂದಲನ್ನೂ ಕತ್ತರಿಸಿದರು. ಅದೇ ಲೂಥರ್ ಸ್ಟ್ಯಾಂಡಿಂಗ್ ಬೇರ್ ದೊಡ್ಡವರಾದ ಮೇಲೆ, ಶಾಲೆಯಲ್ಲಿ ಕಲಿತ ಇಂಗ್ಲಿಷಿನಲ್ಲೇ, ತಮ್ಮ ಜನರ ಬದುಕಿನ ಬಗ್ಗೆ ಪುಸ್ತಕಗಳನ್ನು ಬರೆದರು. ಆ ಹೆಸರಿನ ಪ್ರಸಂಗ ನಮಗೆ ಗೊತ್ತಿರುವುದೂ ಅವರು ಬರೆದಿಟ್ಟಿದ್ದರಿಂದಲೇ.

ನಿಮ್ಮ ಮಗನ ಕೈಗೆ ಯಾರೂ ಕೋಲು ಕೊಟ್ಟಿಲ್ಲ, ಗೊತ್ತು. ಆದರೆ ಟೀಚರಿಗೆ ಕಷ್ಟ ಆಗಬಹುದು ಅಂತ ಟೀಚರಿಗಿಂತ ಮೊದಲು ನಿಮಗೇ ಹೊಳೆಯಿತಲ್ಲ, ಅದಕ್ಕೇ ನನಗೆ ಬೇಜಾರು. ಯಾರೂ ಕೇಳದೇ ಇದ್ದದ್ದನ್ನು ನೀವೇ ತೆಗೆದು ಕೊಟ್ಟಿದ್ದೀರಿ. ಜೊತೆಗಿರುವ ಮಕ್ಕಳು ಒಂದು ಹೊಸ ಹೆಸರನ್ನು ನಾಲ್ಕು ದಿನದಲ್ಲಿ ಕಲಿಯುತ್ತಾರೆ, ತಡ ಆಗುವುದು ದೊಡ್ಡವರಿಗೇ. ಅವನನ್ನೇ ಕೂರಿಸಿಕೊಂಡು ಕೇಳಿ. ಮೊಟಕು ಹೆಸರೇ ಇಷ್ಟ ಅಂದರೆ ಇಟ್ಟುಕೊಳ್ಳಲಿ, ನನ್ನ ತಕರಾರಿಲ್ಲ. ಅದು ಅವನ ಆಯ್ಕೆ ಆಗಿರಬೇಕು ಅಷ್ಟೆ.

ಮನೆಯ ಮಾತನ್ನಂತೂ ದಯವಿಟ್ಟು ಬಿಡಬೇಡಿ. ನ್ಯೂಜಿಲೆಂಡಿನಲ್ಲಿ ಒಂದು ಕಾಲಕ್ಕೆ ಶಾಲೆಯಲ್ಲಿ ಅಲ್ಲಿಯ ಮೂಲನಿವಾಸಿಗಳ ಭಾಷೆ ಮಾವೊರಿ ಮಾತಾಡಿದರೆ ಮಕ್ಕಳಿಗೆ ಏಟು ಬೀಳುತ್ತಿತ್ತು. ಏಟು ತಿಂದವರಲ್ಲಿ ಎಷ್ಟೋ ಜನ ತಮ್ಮ ಮಕ್ಕಳಿಗೆ ಆ ಭಾಷೆ ಕಲಿಸಲೇ ಇಲ್ಲ. ನಿಮ್ಮ ಹಾಗೆಯೇ, ಮಕ್ಕಳ ಒಳ್ಳೆಯದಕ್ಕೇ ಅಂತ. ಒಂದೆರಡು ತಲೆಮಾರಿನಲ್ಲಿ ಭಾಷೆ ಮುದುಕರ ಬಾಯಲ್ಲಿ ಮಾತ್ರ ಉಳಿಯುವ ಸ್ಥಿತಿಗೆ ಬಂತು. 1982ರಲ್ಲಿ ಅವರು ಕೋಹಂಗಾ ರಿಯೋ ಅನ್ನುವ ಶಿಶುವಿಹಾರ ಶುರು ಮಾಡಿದರು. ಅಜ್ಜಿಯರು ಬಂದು ಕೂರುವುದು, ಹಾಲು ಹಲ್ಲಿನ ಮಕ್ಕಳ ಜೊತೆ ಬೆಳಗಿಂದ ಮಾವೊರಿಯಲ್ಲೇ ಮಾತಾಡುವುದು. ಸರ್ಕಾರಕ್ಕಿಂತ ಮುಂದೆ ನಿಂತವರು ಮನೆಯವರೇ. 1987ರಲ್ಲಿ ಆ ಭಾಷೆಗೆ ಅಧಿಕೃತ ಸ್ಥಾನ ಸಿಕ್ಕಿತು. ಅಲ್ಲಿ ಬೆಳೆದ ಮಕ್ಕಳು ಇಂಗ್ಲಿಷ್ ಮರೆತರಾ? ಇಲ್ವಲ್ಲ! ಮಕ್ಕಳ ತಲೆಯಲ್ಲಿ ಎರಡು ಭಾಷೆಗೆ ಜಾಗ ಧಾರಾಳವಾಗಿದೆ. ನಿಮ್ಮ ಮನೆಯಲ್ಲಿ ಫೋನಿನ ಆ ಕಡೆ ಅಜ್ಜ ಮಾತಾಡುತ್ತಿದ್ದರೆ ಈ ಕಡೆ ಮೊಮ್ಮಗ ಅರ್ಥವಾಗದೆ ನಕ್ಕು ಫೋನನ್ನು ನಿಮ್ಮ ಕೈಗೆ ಕೊಡುತ್ತಾನೆ ಅಲ್ವಾ? ಆ ನಷ್ಟವನ್ನು ಯಾವ ಶಾಲೆಯೂ ತುಂಬಿಕೊಡುವುದಿಲ್ಲ.

ಸರ್ಕಾರಗಳನ್ನು ನಂಬಿ ಕೂರಬೇಡಿ ಅಂತಲೂ ಹೇಳಬೇಕು. ಕೆನಡಾ 1971ರಲ್ಲೇ ಬಹುಸಂಸ್ಕೃತಿಯನ್ನು ಸರ್ಕಾರದ ನೀತಿ ಅಂತ ಘೋಷಿಸಿತು, 1988ರಲ್ಲಿ ಕಾಯ್ದೆ ಮಾಡಿತು. ಅದು ಒಳ್ಳೆಯ ಕೆಲಸವೇ. ಆದರೆ ಅದೇ ದೇಶದಲ್ಲಿ ಮೂಲನಿವಾಸಿ ಮಕ್ಕಳನ್ನು ಕೂಡಿಹಾಕಲು ಮಾಡಿದ್ದ ವಸತಿ ಶಾಲೆಗಳಲ್ಲಿ ಕೊನೆಯವು ಬಾಗಿಲು ಹಾಕಿದ್ದು 1990ರ ದಶಕದಲ್ಲಿ. ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2008ರಲ್ಲಿ. ವೇದಿಕೆಯ ಮೇಲೆ ಬಣ್ಣಬಣ್ಣದ ಉಡುಪಿನ ಕುಣಿತ ಎಲ್ಲ ಅಧಿಕಾರಸ್ಥರಿಗೂ ಇಷ್ಟ. ಆ ಕುಣಿಯುವವರ ಭಾಷೆಗೆ ಒಬ್ಬ ಮೇಷ್ಟ್ರನ್ನು ಕೊಡಿ ಅಂದಾಗ ದುಡ್ಡಿಲ್ಲ ಅನ್ನುತ್ತಾರೆ.

ಅರ್ಜಿ ಫಾರಂಗಳ ಹಣೆಬರಹವೂ ಇದೇ. ಅಮೆರಿಕದ ಜನಗಣತಿಯಲ್ಲಿ ಜನಾಂಗದ ಪ್ರಶ್ನೆಗೆ 2000ದವರೆಗೂ ಒಂದೇ ಚೌಕಕ್ಕೆ ಗುರುತು ಹಾಕಬೇಕಿತ್ತು. ಅಪ್ಪ ಒಂದು ಮೂಲ, ಅಮ್ಮ ಇನ್ನೊಂದು ಮೂಲ ಆದರೆ ಮಗು ಯಾರನ್ನು ಬಿಡಬೇಕು? ಆ ವರ್ಷ ಒಂದಕ್ಕಿಂತ ಜಾಸ್ತಿ ಹಾಕಬಹುದು ಅಂದ ತಕ್ಷಣ ಸುಮಾರು 68 ಲಕ್ಷ ಜನ ಹಾಕಿದರು. ಅವರೆಲ್ಲ ಮೊದಲೂ ಇದ್ದರು, ಫಾರಂನಲ್ಲಿ ಜಾಗ ಇರಲಿಲ್ಲ.

ಇಷ್ಟೆಲ್ಲ ಹೇಳಿ ನಮ್ಮ ಪತ್ರಿಕಾ ಬಳಗವನ್ನು ಬಿಟ್ಟರೆ ತಪ್ಪಾಗುತ್ತದೆ. ಹುಡುಗ ಪದಕ ಗೆದ್ದರೆ ಈ ನೆಲದ ಕುಡಿ, ಕಳ್ಳತನದಲ್ಲಿ ಸಿಕ್ಕಿಬಿದ್ದರೆ ಇಂಥ ದೇಶದಿಂದ ಬಂದವನು. ತಲೆಬರಹದ ಆ ಎರಡು ಪದ ಇಡೀ ಸಮುದಾಯದ ಅಂಗಿಗೆ ಪಟ್ಟಿ ಹೊಲಿದ ಹಾಗೆ, ಬರೆದವನಿಗೆ ಅದರ ನೋವು ಗೊತ್ತಾಗುವುದಿಲ್ಲ. ಜರ್ಮನಿಯ ಪತ್ರಿಕಾ ಸಂಹಿತೆಯಲ್ಲಿ ಇದಕ್ಕೊಂದು ನಿಯಮವೇ ಇದೆ. ಸಾರ್ವಜನಿಕ ಹಿತಕ್ಕೆ ನಿಜವಾಗಿ ಬೇಕಾಗಿದ್ದರೆ ಮಾತ್ರ ಅಪರಾಧದ ವರದಿಯಲ್ಲಿ ಆರೋಪಿಯ ಜನಾಂಗ, ಧರ್ಮ ಬರೆಯಬಹುದು. ಜನರಿಗೆ ಕುತೂಹಲ ಇದೆ ಅನ್ನುವುದು ಸಾಕಾಗುವುದಿಲ್ಲ. ನಮ್ಮ ಮೇಜಿನಲ್ಲೂ ಇದನ್ನೇ ಪಾಲಿಸುತ್ತೇವೆ. ಎಲ್ಲಾದರೂ ಕಣ್ತಪ್ಪಿ ಅಂಥ ಸಾಲು ಅಚ್ಚಾಗಿದ್ದು ಕಂಡರೆ ಪುಟದ ನಂಬರ್ ಸಮೇತ ಬರೆದು ಕಳಿಸಿ. ತಿದ್ದುಪಡಿಯನ್ನು ಅದೇ ಪುಟದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕುತ್ತೇವೆ.